ಸಿಕ್ಕು ಬಿಡಿಸುವ ಸೊಣ್ಣಮ್ಮ

ಸಾರಕ್ಕಿ ಮಾರುಕಟ್ಟೆಗೆ ಸೊಪ್ಪಿನ ಗಾಡಿಗಳು ಬಂದಿಳಿಯುವ ಹೊತ್ತು. ಹಿಂದಿನ ಬೀದಿಯ ಮಹಡಿ ಮನೆಯೊಂದರಲ್ಲಿ ಸೊಣ್ಣಮ್ಮ ಕೊಬ್ಬರಿ ಎಣ್ಣೆಗೆ ಬೇವಿನೆಲೆ ಹಾಕಿ ಬೆಚ್ಚಗೆ ಮಾಡುತ್ತಿದ್ದಾರೆ. ಒಂದು ಹನಿಯನ್ನು ಮೊದಲು ತಮ್ಮ ಮೊಣಕೈ ಮೇಲೆ ಬಿಟ್ಟುಕೊಂಡು ನೋಡುತ್ತಾರೆ, ಹಸುಗೂಸಿನ ಸ್ನಾನದ ನೀರನ್ನು ನೋಡುವ ಹಾಗೆ. ಆಮೇಲೆ ಹಿಂದಿನ ಕೋಣೆಗೆ ಹೋಗಿ ಗೋಡೆಗೆ ಒರಗಿ ಕೂರುತ್ತಾರೆ. ಅಮ್ಮಣ್ಣಿ ಬರುತ್ತಾಳೆ, ಬಾಗಿಲಿನ ಚಿಲಕವನ್ನು ತಾನೇ ಹಾಕುತ್ತಾಳೆ, ಎರಡು ಸಲ ಎಳೆದು ನೋಡುತ್ತಾಳೆ. ಈ ಮನೆಯ ಬಗ್ಗೆ ಬರೆಯಲೆಂದು ಬಂದು ಮೂಲೆಯಲ್ಲಿ ಕೂತಿದ್ದ ನನ್ನತ್ತ ತಿರುಗಿ, "ಈ ಅಜ್ಜಿ ಇರ್ಲಿ" ಎನ್ನುತ್ತಾಳೆ. ಆಮೇಲಷ್ಟೇ ಸೊಣ್ಣಮ್ಮನಿಗೆ ಬೆನ್ನು ಕೊಟ್ಟು ಕೂರುತ್ತಾಳೆ.

ಅವಳ ಕೂದಲು ಕೂದಲಿನಂತಿಲ್ಲ. ವರ್ಷಗಳಿಂದ ಬಿಚ್ಚದೆ ಗಂಟುಗಟ್ಟಿ, ತೆಂಗಿನ ನಾರಿನ ಚಾಪೆಯಂತೆ ಬೆನ್ನಿನ ಮೇಲೆ ಬಿದ್ದಿದೆ. ಸೊಣ್ಣಮ್ಮ ತುದಿಯಿಂದ ನಾಲ್ಕಾರು ಎಳೆ ಹಿಡಿದು, ಎಣ್ಣೆ ಸವರಿ, ಬೆರಳಿನಿಂದಲೇ ಬಿಡಿಸುತ್ತಾರೆ. ಬಾಚಣಿಗೆಯ ಸರದಿ ಆಮೇಲೆ.

"ಬುಡದಿಂದ ಎಳೆದ್ರೆ ಪ್ರಾಣ ಹೋಗ್ತದೆ ಕಣವ್ವಾ. ತುದಿಯಿಂದ ಬರ್ಬೇಕು" ಎನ್ನುತ್ತಾರೆ. ಆದರೆ ಹಾಗೆ ನಿಧಾನವಾಗಿ ಬರಲು ಈ ಸಲ ಸಮಯವಿಲ್ಲ. ಗಂಟಿನ ಅಡಿಯಲ್ಲಿ, ಕಿವಿಯ ಹಿಂದೆ, ಹುಣ್ಣಾಗಿದೆ. ಶುಕ್ರವಾರದೊಳಗೆ ಮದ್ದು ಹಚ್ಚುವಷ್ಟು ಜಾಗ ಬಿಡಿಸದಿದ್ದರೆ ತಲೆ ಬೋಳಿಸಲೇಬೇಕು ಎಂದು ಡಾಕ್ಟರ್ ಪ್ರಕೃತಿ ಹೇಳಿದ್ದಾರೆ. ಬೋಳಿಸಿದರೆ ಅಂದೇ ಹೊರಟುಹೋಗುತ್ತೇನೆ ಎಂದು ಅಮ್ಮಣ್ಣಿ ಹೇಳಿದ್ದಾಳೆ. ಹೋಗುವುದಾದರೆ ಮತ್ತೆ ಬನಶಂಕರಿಯ ಫುಟ್‌ಪಾತಿಗೆ, ಮತ್ತೆ ಸಾರಾಯಿಗೆ. ಇವತ್ತು ಮಂಗಳವಾರ.

ಈ ಮನೆಗೆ ನಡುಮನೆ ಎಂದು ಹೆಸರು. ಮನಸ್ಸಿನ ಕಾಯಿಲೆ, ಕುಡಿತದ ಚಟ ಎರಡೂ ಸೇರಿ ಬೀದಿಗೆ ಬಿದ್ದ ಹೆಂಗಸರು ಆಸ್ಪತ್ರೆಯಿಂದ ನೇರವಾಗಿ ಇಲ್ಲಿಗೆ ಬರುತ್ತಾರೆ. ಆರು ತಿಂಗಳೋ ವರ್ಷವೋ ಇದ್ದು, ಮಾತ್ರೆ ತಪ್ಪಿಸದೆ, ಅಡುಗೆ, ಸಂತೆ, ಕೆಲಸಗಳನ್ನು ಮತ್ತೆ ರೂಢಿ ಮಾಡಿಕೊಂಡು, ಒಂದು ಬಾಡಿಗೆ ಕೋಣೆಗೆ ಹೋಗುವುದು ಗುರಿ. ಈಗ ಹನ್ನೆರಡು ಜನ ಇದ್ದಾರೆ. ಹಗಲು ಗೇಟಿಗೆ ಬೀಗವಿಲ್ಲ. ಇರಬೇಕು ಅನ್ನಿಸಿದವರು ಇರುತ್ತಾರೆ.

"ಏನ್ ಸೊಣ್ಣಮ್ಮ, ಮುಹೂರ್ತ ಮೀರ್ತಿದೆ! ಕಾಫಿ ಆರಿಹೋಯ್ತು!" ಬಾಗಿಲಾಚೆಯಿಂದ ವಾರಿಜಾ ಕೂಗುತ್ತಾರೆ. ಜಯನಗರದ ಶಾಲೆಯಲ್ಲಿ ಗಣಿತ ಹೇಳುತ್ತಿದ್ದವರು. ಕುಡಿತ ಅವರ ಕೆಲಸ, ಮನೆ ಎರಡನ್ನೂ ತಿಂದಿತ್ತು. ಈಗ ಇಡೀ ಮನೆಗೆ ಕಾಫಿ ಅವರದೇ.

"ಶ್! ಆ ಮಾತು ಇಲ್ಲಿ ಬೇಡಿ ಟೀಚರಮ್ಮ!" ಎಂದು ಸೊಣ್ಣಮ್ಮ ಗದರುತ್ತಾರೆ.

ಮದುವೆಯ ಮಾತು ಯಾಕೆ ಬೇಡ ಎನ್ನುವುದಕ್ಕೊಂದು ಕತೆಯಿದೆ. ಸೊಣ್ಣಮ್ಮ ಸಾರಕ್ಕಿಯವರೇ, ಕೆರೆಯಂಚಿನಲ್ಲಿ ಹೂ ಬೆಳೆಯುತ್ತಿದ್ದ ಮನೆತನ. ತೋಟಗಳು ಸೈಟುಗಳಾದ ಮೇಲೆ ಮೊಗ್ಗಿನ ಜಡೆ ಕಟ್ಟಿ ಬದುಕಿದರು. ಜಯನಗರ, ಯಡಿಯೂರುಗಳ ಎಷ್ಟೋ ಮದುಮಕ್ಕಳ ಬೆನ್ನ ಮೇಲೆ ಅವರ ಮಲ್ಲಿಗೆ ಇಳಿದಿದೆ. ಬಾಡಿಗೆಗೆ ಸಿಗುವ ಬಟ್ಟೆಯ ಜಡೆಗಳು ಬಂದಮೇಲೆ ಕರೆಯುವವರು ಕಡಿಮೆಯಾದರು. ಕಸ ಗುಡಿಸುವ ಕೆಲಸಕ್ಕೆಂದು ನಡುಮನೆಗೆ ಬಂದರು. ಬಂದ ದಿನವೇ ಹೇನು ತುಂಬಿದ ಒಂದು ತಲೆಯನ್ನು ಬೋಳಿಸಲು ಹೇಳಿದರಂತೆ. "ಆ ಹೆಣ್ಮಗ ಅಳ್ತಾ ಇತ್ತು. ನಂಗೊಂದು ವಾರ ಕೊಡಿ ಮೇಡಂ ಅಂದೆ. ಹೂ ಮುಡಿಸಿದ ಕೈ ನೋಡಿ, ಕತ್ತಿ ಹಿಡಿಯಕ್ಕೆ ಬರ್ಲಿಲ್ಲ."

ಅಮ್ಮಣ್ಣಿಯ ತಲೆಗೆ ಮೊದಲ ಸಲ ಎಣ್ಣೆ ಹಚ್ಚಿದಾಗ ಸೊಣ್ಣಮ್ಮ ತಮ್ಮ ರೂಢಿಯ ಮಾತು ಆಡಿಬಿಟ್ಟರು. "ಇದೆಲ್ಲಾ ಬಿಡಿಸ್ತೀನಿ ತಾಳು, ಮದುಮಗಳ ಥರ ಕಾಣ್ತೀಯ!" ಯಾವ ಹೆಣ್ಣನ್ನೂ ನಗಿಸುತ್ತಿದ್ದ ಮಾತದು. ಅಮ್ಮಣ್ಣಿ ಎಣ್ಣೆ ಬಟ್ಟಲು ಒದ್ದು ಗೇಟಿನವರೆಗೆ ಓಡಿದಳು. ಸೊಣ್ಣಮ್ಮ ಹಿಂದೆ ಹೋಗಿ, ಹಿಡಿಯದೆ, ಮೆಟ್ಟಿಲ ಮೇಲೆ ಕೂತರು. ಅಮ್ಮಣ್ಣಿ ಗೇಟು ಹಿಡಿದುಕೊಂಡೇ ಹೇಳಿದಳು.

"ಈ ಜಡೆ ನೋಡಿ ದೇವ್ರ ಜಡೆ ಅಂತ ಕೈ ಮುಗೀತಾರೆ. ಕುಡ್ದು ಬಂದ ಗಂಡಸ್ರೂ ಹತ್ರ ಬರಲ್ಲ. ಇದು ಹೋದ್ರೆ ನಾನ್ ಎಲ್ಲಿ ಮಲಗ್ಲಿ?"

ಸೊಣ್ಣಮ್ಮ ಅದನ್ನು ಹೇಳುವಾಗ ಇವತ್ತಿಗೂ ದನಿ ತಗ್ಗುತ್ತದೆ. "ನಾನು ಚೆಂದ ಮಾಡ್ತೀನಿ ಅಂತ ಹೋದೆ. ಅವ್ಳಿಗೆ ಚೆಂದ ಅಂದ್ರೇನೇ ಭಯ. ಅದು ಕೂದ್ಲಲ್ಲಮ್ಮ, ಅವಳ ಗೋಡೆ." ಮಾರನೆಯ ದಿನವೇ ಹಿಂದಿನ ಕೋಣೆಗೆ ಒಳಗಿನಿಂದ ಗಟ್ಟಿ ಚಿಲಕ ಹಾಕಿಸಿದರು. "ಯಾರ ಕಣ್ಣಿಗೂ ಚೆನ್ನಾಗಿ ಕಾಣೋದು ಬೇಡ, ನೋವು ಹೋಗ್ಲಿ ಸಾಕು" ಎಂದರು. ಅಮ್ಮಣ್ಣಿ ಎರಡು ದಿನ ಯೋಚಿಸಿ ಬಂದು ಕೂತಳು.

ನಾನು ಶುಕ್ರವಾರ ಮತ್ತೆ ಹೋದೆ. ಸೊಣ್ಣಮ್ಮನ ಬೆರಳುಗಳು ಊದಿಕೊಂಡಿವೆ, ಬೆಳಿಗ್ಗೆ ಸಂಜೆ ಎರಡು ಹೊತ್ತೂ ಕೂತಿದ್ದಾರೆ. ಡಾಕ್ಟರ್ ಪ್ರಕೃತಿ ಚಪ್ಪಲಿ ಹೊರಗೆ ಬಿಟ್ಟು ಬಂದು, "ಮುಟ್ಲಾ, ಅಮ್ಮಣ್ಣಿ?" ಎಂದು ಕೇಳುತ್ತಾರೆ. ಅವಳು ಸೊಣ್ಣಮ್ಮನ ಸೆರಗು ಹಿಡಿದುಕೊಂಡು ತಲೆ ಬಗ್ಗಿಸುತ್ತಾಳೆ. ಕಿವಿಯ ಹಿಂದೆ ಅಂಗೈಯಗಲ ಸಿಕ್ಕು ಬಿಟ್ಟಿದೆ. ಡಾಕ್ಟರು ಕೀವು ತೊಳೆದು ಮದ್ದು ಹಚ್ಚಿ, "ಕೈ ಆಡಿಸಕ್ಕೆ ಜಾಗ ಇದೆ. ಬೋಳ್ಸೋದು ಬೇಡ" ಎನ್ನುತ್ತಾರೆ. ಸೊಣ್ಣಮ್ಮ ಅಡುಗೆಮನೆಗೆ ಹೋಗಿ ಎರಡು ಲೋಟ ನೀರು ಕುಡಿಯುತ್ತಾರೆ.

ಎಲ್ಲವೂ ಸಲೀಸಾಗಲಿಲ್ಲ. ಒಂದು ಸಂಜೆ ಅಮ್ಮಣ್ಣಿ ಕುಡಿದು ಬಂದಳು. ಯಾರೂ ಹೊರಗೆ ಹಾಕಲಿಲ್ಲ. ಬೆಳಿಗ್ಗೆ ಎಂದಿನಂತೆ ಎಣ್ಣೆ ಬೆಚ್ಚಗಾಯಿತು. ಬಿಡಿಸುತ್ತಾ ಹೋದಂತೆ ಅರ್ಧ ಕೂದಲು ಉದುರಿಹೋಯಿತು, ಉಳಿದದ್ದು ಭುಜದವರೆಗೆ ಬಂತು. ಗೇಟಿನ ಸದ್ದಾದರೆ ಅಮ್ಮಣ್ಣಿ ಟವೆಲು ಹೊದೆಯುತ್ತಾಳೆ. ಆ ಕೂದಲಿನ ಬಗ್ಗೆ ಮನೆಯ ಉಳಿದ ಹನ್ನೊಂದು ಹೆಂಗಸರಲ್ಲಿ ಒಬ್ಬರೂ ಒಂದು ಹೊಗಳಿಕೆ ಆಡಿಲ್ಲ. ಯಾರು ಹೇಳಿಕೊಟ್ಟರೋ!

ತಿಂಗಳು ಕಳೆದು ನಾನು ಮತ್ತೆ ಹೋದಾಗ ಅಮ್ಮಣ್ಣಿ ವಾರಿಜಾರೊಂದಿಗೆ ಮಾರುಕಟ್ಟೆಯಿಂದ ಸೊಪ್ಪು ತಂದು ಅಂಗಳದಲ್ಲಿ ಹರಡುತ್ತಿದ್ದಾಳೆ. ಟವೆಲು ಹೆಗಲ ಮೇಲಿದೆ. ಹಿಂದಿನ ಕೋಣೆಯಲ್ಲಿ ಕಾದು ಕಾದು ಸೊಣ್ಣಮ್ಮ ಎಣ್ಣೆ ಬಟ್ಟಲು ಹಿಡಿದು ಅಲ್ಲಿಗೇ ಬರುತ್ತಾರೆ. ಅಮ್ಮಣ್ಣಿ ಅವರ ಕೈಯಿಂದ ಬಾಚಣಿಗೆ ಕಿತ್ತುಕೊಳ್ಳುತ್ತಾಳೆ.

"ಬಿಡಿ ಅಕ್ಕಾ. ನಿಮ್ಗೆ ಕಣ್ಣು ಕಾಣಲ್ಲ, ಎಳೀತೀರ. ನಾನೇ ಬಾಚ್ಕೋತೀನಿ."

ವಾರಿಜಾ ಚಪ್ಪಾಳೆ ತಟ್ಟುತ್ತಾರೆ. "ಕೇಳಿದ್ರಾ ಸೊಣ್ಣಮ್ಮ? ನಿಮ್ ಕೆಲಸ ಹೋಯ್ತು!"

ಸೊಣ್ಣಮ್ಮ ಎಣ್ಣೆಗೈಯನ್ನು ತಮ್ಮ ಕಾಲಿಗೇ ಸವರಿಕೊಂಡು, ಸೊಪ್ಪಿನ ಪಕ್ಕ ಕೂತು ನಗುತ್ತಾರೆ.

"ಹೋಗ್ಲಿ ಬಿಡಿ ಟೀಚರಮ್ಮ. ಈ ಮನೇಲಿ ಎಷ್ಟು ಜನ ಹಿಂಗೇ ನನ್ ಕೆಲಸ ಕಿತ್ಕೊಂಡು ಹೋಗವ್ರೆ, ಗೊತ್ತಾ?"