ಆರೂ ಹತ್ತರ ನೋವು, ಅತ್ತೆಯ ಕ್ಯಾಲೆಂಡರು

ದಿನಸಿ ಅಂಗಡಿಯವರು ಕೊಟ್ಟ ಹೊಸ ಕ್ಯಾಲೆಂಡರನ್ನು ಮೊನ್ನೆ ಮೊಳೆಗೆ ಸಿಕ್ಕಿಸುವಾಗ ಅದರ ಇಂಕಿನ ವಾಸನೆ ಮೂಗಿಗೆ ಬಡಿಯಿತು. ಆ ವಾಸನೆಗೆ ನಿಮಗೆ ಹಬ್ಬ, ರಜೆ ನೆನಪಾಗಬಹುದು. ನನಗೆ ನೆನಪಾಗುವುದು ನನ್ನ ಎಡಗಣ್ಣು ಮತ್ತು ನಮ್ಮತ್ತೆ.

ಕುಣಿಗಲ್ಲಿನಿಂದ ಗುಬ್ಬಿಗೆ ಸೊಸೆಯಾಗಿ ಬಂದ ಎರಡನೇ ವರ್ಷ. ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದೆ. ಒಂದು ಸಂಜೆ ಆರೂ ಹತ್ತಕ್ಕೆ ಎಡಗಣ್ಣಿನ ಹಿಂದೆ ಕಾದ ದಬ್ಬಳ ಆಡಿಸಿದಂಥ ನೋವು ಶುರುವಾಯಿತು. ಎಡಗಣ್ಣಲ್ಲಿ ನೀರು, ಎಡ ಹೊಳ್ಳೆಯಲ್ಲಿ ಸೋರಿಕೆ, ರೆಪ್ಪೆ ಜೋಲು. ಬಲಗಣ್ಣಿಗೆ ಇದ್ಯಾವುದೂ ಗೊತ್ತೇ ಇಲ್ಲ. ಮುಕ್ಕಾಲು ಗಂಟೆಯಲ್ಲಿ ಎಲ್ಲ ಮಾಯ. ಮರುದಿನ ಮತ್ತೆ ಆರೂ ಹತ್ತಕ್ಕೆ ಹಾಜರು. ನಮ್ಮ ಬಸ್ಸುಗಳಿಗೂ ಅಷ್ಟು ಶಿಸ್ತಿರಲಿಲ್ಲ.

ಕೂರಲಾಗದು, ಮಲಗಲಾಗದು. ಅಂಗಳದ ತುಳಸಿಕಟ್ಟೆಯನ್ನು ಸುತ್ತುತ್ತಿದ್ದೆ. ಮೊದಲ ವಾರ ಬೀದಿಯವರು ನನ್ನ ಭಕ್ತಿಯನ್ನು ಮೆಚ್ಚಿಕೊಂಡರು. ಆಮೇಲೆ ಕಣ್ಣೀರು ಕಂಡಿತು. ದೀಪ ಹಚ್ಚುವ ಹೊತ್ತಿನಲ್ಲಿ ಸೊಸೆ ಅಳುತ್ತಾಳೆಂದರೆ ಕಾರಣ ಹುಡುಕಲು ಪಂಚಾಂಗ ಬೇಕೇ? ರವಿಕೆ ಒಯ್ಯಲು ಬಂದ ಪಕ್ಕದ ಬೀದಿಯ ನಸೀಮಾ ಮೆಲ್ಲಗೆ ಕೇಳಿದಳು: "ಅತ್ತೆ ಏನಾರ ಅಂದ್ರಾ ಅಕ್ಕ?"

ಇಲ್ಲ ಎನ್ನಬೇಕಿತ್ತು. ನಾನು ಸುಮ್ಮನೆ ತಲೆ ತಗ್ಗಿಸಿದೆ. ಬರೀ ತಲೆನೋವು ಎಂದಾಗ ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ನಮ್ಮವರು ಗ್ಯಾಸ್ಟ್ರಿಕ್ ಅಂದಿದ್ದರು. ಸೈನಸ್ ಎಂದು ಹಬೆ ಹಿಡಿದಾಗಿತ್ತು, ಕನ್ನಡಕ ಬಂದಾಗಿತ್ತು, ಏನೂ ತಪ್ಪು ಮಾಡದ ಗಟ್ಟಿ ದವಡೆ ಹಲ್ಲೊಂದನ್ನು ಕೀಳಿಸಿಯೂ ಆಗಿತ್ತು. ಹೀಗಿರುವಾಗ ನಸೀಮಾಳ ಕನಿಕರ ಹಿತವಾಗಿತ್ತು. ಅದನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಸುದ್ದಿ ಕುಣಿಗಲ್ಲಿಗೆ ಮುಟ್ಟಿ, ನನ್ನನ್ನು ಕರೆದೊಯ್ಯಲು ಅಣ್ಣ ಬಂದ. ನಿಂತೇ ಕೇಳಿದ: "ನಮ್ ಹುಡ್ಗೀನ ದಿನಾ ಅಳಿಸ್ತೀರಂತೆ?"

ಅತ್ತೆ ಕೂಗಾಡಲಿಲ್ಲ. ದೇವರ ಕೋಣೆಯ ಕ್ಯಾಲೆಂಡರ್ ತಂದು ಅವನ ಮುಂದೆ ಹಿಡಿದರು. ಒಂದೊಂದು ಚೌಕದಲ್ಲೂ ಅವರ ಸೊಟ್ಟ ಅಂಕಿಗಳು: ನೋವು ಬಂದ ಹೊತ್ತು, ಹೋದ ಹೊತ್ತು. ಮೂರು ಚೌಕಗಳಲ್ಲಿ ಅದರ ಕೆಳಗೆ 'ನಾನು ಮನೇಲಿಲ್ಲ' ಎಂದಿತ್ತು.

"ನೋಡಪ್ಪ, ನಾಳೆ ನನ್ ಮೇಲೆ ಮಾತು ಬತ್ತದೆ ಅಂತಾನೇ ಬರ್ದಿಟ್ಟಿದ್ದು. ಹುಲಿಯೂರುದುರ್ಗದಲ್ಲಿ ಮಗಳ ಮನೇಲಿದ್ದ ಮೂರು ದಿನಾನೂ ಇವ್ಳಿಗೆ ಬಂದೈತೆ, ಇವ್ಳನ್ನೇ ಕೇಳ್ಕೊಂಡು ಬರ್ದಿವ್ನಿ. ಅಲ್ಲಿಂದ ಹೆಂಗಪ್ಪ ಅಳಿಸ್ಲಿ? ಅದೂ ಒಂದೇ ಕಣ್ಣಲ್ಲಿ!"

ಆರೂ ಹತ್ತಾಯಿತು. ಅಣ್ಣ ಕಣ್ಣಾರೆ ಕಂಡು ಬೆವೆತುಹೋದ.

ಮರುದಿನ ಮೂವರೂ ತುಮಕೂರಿನ ನರರೋಗದ ಡಾಕ್ಟರ ಮುಂದೆ ಕೂತಿದ್ದೆವು. ಅವರು ನನ್ನನ್ನು ನೋಡಿದ್ದಕ್ಕಿಂತ ಹೆಚ್ಚು ಹೊತ್ತು ಕ್ಯಾಲೆಂಡರನ್ನೇ ನೋಡಿದರು. "ನೋವು ಬಂದಾಗ ಮಲಗ್ತೀರಾ, ಓಡಾಡ್ತೀರಾ?"

"ಮಲಗೋದೆಲ್ ಬಂತು ಸ್ವಾಮಿ, ತುಳಸಿಕಟ್ಟೆ ಸವೆದೋಯ್ತು," ಅಂದರು ಅತ್ತೆ.

ಸ್ಕ್ಯಾನ್ ಮಾಡಿಸಿ ಬೇರೇನೂ ಇಲ್ಲವೆಂದು ಖಾತ್ರಿಯಾದ ಮೇಲೆ ಡಾಕ್ಟರು ಇದು ಕ್ಲಸ್ಟರ್ ತಲೆನೋವು ಎಂದರು. ಮಿದುಳಿನೊಳಗಿನ ಗಡಿಯಾರಕ್ಕೆ ಸಂಬಂಧಪಟ್ಟದ್ದಂತೆ. ಕೆಲವು ವಾರ ದಿನವೂ ಬಂದು, ಆಮೇಲೆ ತಿಂಗಳುಗಟ್ಟಲೆ ಸುಳಿಯುವುದಿಲ್ಲವಂತೆ. ಸಾಮಾನ್ಯ ನೋವಿನ ಮಾತ್ರೆ ಕೆಲಸಕ್ಕೆ ಇಳಿಯುವಷ್ಟರಲ್ಲಿ ಇದು ಬಂದು ಹೋಗಿರುತ್ತದೆ. ಆ ವಾರಗಳಿಗೆಂದು ತಡೆಯುವ ಮಾತ್ರೆ, ನೋವು ಬಂದ ಕೂಡಲೇ ಮಾಸ್ಕ್ ಹಾಕಿಕೊಂಡು ಕಾಲು ಗಂಟೆ ಎಳೆದುಕೊಳ್ಳಲು ಆಕ್ಸಿಜನ್ ಬರೆದುಕೊಟ್ಟರು. ಅತ್ತೆ ತಮ್ಮ ಮರ್ಯಾದೆಗೆಂದು ಬರೆದದ್ದು ನನ್ನ ರೋಗವನ್ನು ಹಿಡಿದುಕೊಟ್ಟಿತ್ತು. ಬಸ್ಸಿನಲ್ಲಿ ಅವರ ಕೈ ಹಿಡಿದು, ನಸೀಮಾಳ ಮುಂದೆ ತಲೆ ತಗ್ಗಿಸಿದ್ದನ್ನು ಒಪ್ಪಿಕೊಂಡೆ. "ಗೊತ್ತಿತ್ತು ಬುಡು," ಅಂದು ಕಿಟಕಿಯ ಕಡೆ ತಿರುಗಿದರು.

ಆಕ್ಸಿಜನ್ ಹತ್ತಿರ ಬೆಂಕಿ ಕೂಡದು. ಒಂದು ದಿನವೂ ಮುಸ್ಸಂಜೆಯ ದೀಪ ತಪ್ಪಿಸದ ಅತ್ತೆ ಬೆಂಕಿಪೊಟ್ಟಣವನ್ನು ಸೆರಗಿಗೆ ಗಂಟುಹಾಕಿಕೊಂಡು ನನ್ನೆದುರು ಕೂರುತ್ತಿದ್ದರು. "ಲಕ್ಷ್ಮಿ ಕಾಯ್ತಾಳೆ ಕಣೇ, ನಿನ್ ತಲೆ ಕಾಯಕಿಲ್ಲ."

ಈಗ ನನಗೆ ಭಯವಿಲ್ಲ. ವರ್ಷಕ್ಕೊಮ್ಮೆ ಎಡಗಣ್ಣು ಸಣ್ಣಗೆ ಚುಚ್ಚಿದೊಡನೆ ಡಾಕ್ಟರಿಗೆ ಫೋನು ಮಾಡಿ ಸಿಲಿಂಡರು ತರಿಸುತ್ತೇನೆ. ಗಿರಾಕಿಗಳಿಗೂ ಅಭ್ಯಾಸವಾಗಿದೆ, ಆರರಿಂದ ಆರೂವರೆಯವರೆಗೆ ಯಾರೂ ಬಾಗಿಲು ಬಡಿಯುವುದಿಲ್ಲ.

ಅತ್ತೆ ಹೋದ ವರ್ಷ ತೀರಿಕೊಂಡರು. ನಿನ್ನೆ ಈ ವರ್ಷದ ಮೊದಲನೇ ನೋವು ಬಂದು, ಹದಿನೈದು ನಿಮಿಷದಲ್ಲಿ ಮಣಿಯಿತು. ಸಿಲಿಂಡರು ಮುಚ್ಚಿ, ಹೊಸ ಕ್ಯಾಲೆಂಡರಿನಲ್ಲಿ ಬಂದ ಹೊತ್ತು, ಹೋದ ಹೊತ್ತು ಬರೆದೆ. ಕೈ ತಾನಾಗಿ ಅದರ ಕೆಳಗೆ 'ಅತ್ತೆ ಮನೇಲಿಲ್ಲ' ಎಂದೂ ಬರೆಯಿತು.

ಆರೂವರೆಗೆ ನಸೀಮಾ ಒಳಗೆ ಬಂದು ನನ್ನ ಮುಖ ನೋಡಿ ನಿಂತಳು. "ಇದೇನಕ್ಕ, ಎರಡೂ ಕಣ್ಣಲ್ಲಿ ನೀರು?"

"ಹೂಂ ಕಣೇ," ಅಂದೆ, "ಇವತ್ತು ಮಾತ್ರ ಅತ್ತೇನೇ ಅಳಿಸಿದ್ದು."