ಹನ್ನೊಂದರ ಬದಲು ಎರಡು

ಆಗೆಲ್ಲ ಕಂಪ್ಯೂಟರ್ ಎಂದರೆ ಒಂದು ಇಡೀ ಕೋಣೆ. ಅದಕ್ಕೆ ತಣ್ಣನೆಯ ಗಾಳಿಯೇ ಆಗಬೇಕು, ಹಾಗಾಗಿ ಅಲ್ಲಿ ಕೆಲಸ ಮಾಡುವವರಿಗೆ ಬೇಸಿಗೆಯಲ್ಲೂ ಸ್ವೆಟರು. ಪಕ್ಕದ ಕೋಣೆಯಲ್ಲಿ ಕೂರುತ್ತಿದ್ದವಳು ಲೈಬ್ರರಿ ಅಕ್ಕ. ಅವಳ ಲೈಬ್ರರಿಯಲ್ಲಿ ಪುಸ್ತಕಗಳಿರಲಿಲ್ಲ. ಇಂಜಿನಿಯರುಗಳು, ವಿಜ್ಞಾನಿಗಳು ಎತ್ತಿಕೊಂಡು ಬಳಸುವ ಲೆಕ್ಕದ ಪ್ರೋಗ್ರಾಮುಗಳಿದ್ದವು. ಅದು ಗೊತ್ತಿಲ್ಲದೆ ಕಾದಂಬರಿ ಕೇಳಿಕೊಂಡು ಬಂದವರಿಗೆ ಲೆಕ್ಕವಿಲ್ಲ. "ಇದೆ, ಆದ್ರೆ ಎಲ್ಲಾ ಅಂಕಿಯಲ್ಲೇ ಬರೆದಿದೆ, ಓದ್ತೀರಾ?" ಎಂದು ಕೇಳಿ ಕಳಿಸುತ್ತಿದ್ದಳು.

ನಿವೃತ್ತಳಾಗಿ ಎಷ್ಟೋ ವರ್ಷವಾಯಿತು. ಬಾಲ್ಕನಿಯಲ್ಲಿ ಒಣಗಿದ ಬಟ್ಟೆ ಮಡಿಸುವಾಗ ಆ ಕೋಣೆ ಕಣ್ಣಮುಂದೆ ಬರುತ್ತದೆ. ಅದರ ಜೊತೆಗೇ ತನ್ನಣ್ಣನ ಬೈಗುಳವೂ ಬರುತ್ತದೆ.

ಅಣ್ಣ ಬೇರೊಂದು ಕಂಪನಿಯಲ್ಲಿ ಕಬ್ಬಿಣದ ಚೌಕಟ್ಟುಗಳನ್ನು ವಿನ್ಯಾಸ ಮಾಡುವ ಇಂಜಿನಿಯರು, ಲೆಕ್ಕ ಮಾಡಿಸಲು ಇಲ್ಲಿಗೇ ಬರುತ್ತಿದ್ದ. ಒಂದೊಂದು ಚೌಕಟ್ಟಿಗೂ ನೂರಾರು ಸಮೀಕರಣ, ಎಲ್ಲವನ್ನೂ ಒಟ್ಟಿಗೆ ಬಿಡಿಸಬೇಕು. ಬಿಡಿಸುವ ಪ್ರೋಗ್ರಾಮೇನೋ ಲೈಬ್ರರಿಯಲ್ಲಿತ್ತು, ಆದರೆ ಅದು ಹನ್ನೊಂದು ಸಂಗತಿ ಕೇಳುತ್ತಿತ್ತು. ಸಮೀಕರಣಗಳ ಅಂಕಿಗಳನ್ನು ಜೋಡಿಸಿದ ಕೋಷ್ಟಕ ಎಷ್ಟು ದೊಡ್ಡದು, ಗೀಚಿಕೊಳ್ಳಲು ಎಷ್ಟು ಜಾಗ ಕೊಡುತ್ತೀ, ಯಾವ ವಿಧಾನ, ಹೀಗೆ. ಒಂದು ತಪ್ಪಿದರೂ ದಿನವೇ ಹಾಳು. ಮೂರು ದಿನ ಒದ್ದಾಡಿದ ಅಣ್ಣ ನಾಲ್ಕನೇ ದಿನ ಅವಳ ಮೇಜಿನ ಮುಂದೆ ಬಂದು ನಿಂತ.

"ಏನೇ ಇದು, ನಾನು ಲೆಕ್ಕ ಬಿಡಿಸೋಕೆ ಬಂದಿದೀನೋ, ಕೆಲಸಕ್ಕೆ ಅರ್ಜಿ ತುಂಬೋಕೆ ಬಂದಿದೀನೋ? ಇವು ಸಮೀಕರಣ, ಇದು ಭಾರ. ಬಿಡಿಸು ಅಂದ್ರೆ ಬಿಡಿಸಬೇಕು. ಅಷ್ಟೇ."

ಮಾತು ನಾಟಿತು. ಆರು ತಿಂಗಳು ಪಟ್ಟುಬಿಡದೆ ಕೂತು ಅವಳು ಹೊಸದೊಂದನ್ನು ಬರೆದಳು. ಅದರ ಹೆಸರೇ 'ಬಿಡಿಸು'. ಕೊಡಬೇಕಾದದ್ದು ಸಮೀಕರಣ, ಭಾರ ಎರಡೇ, ಉಳಿದ ಒಂಬತ್ತನ್ನು ಕೋಷ್ಟಕ ನೋಡಿ ಅದೇ ತೀರ್ಮಾನಿಸಿಕೊಳ್ಳುತ್ತಿತ್ತು. ಪರೀಕ್ಷೆ ಮಾಡಲು ಅವಳದೇ ಒಂದು ಪದ್ಧತಿ. ಏನೂ ಗೊತ್ತಿಲ್ಲದವರನ್ನು ಕೂರಿಸಿ, ಪಕ್ಕದಲ್ಲಿ ತಾನು ತುಟಿ ಬಿಚ್ಚದೆ ಕೂರುವಳು. ಅವರು ಕೇಳಿದ ಒಂದೊಂದು ಪ್ರಶ್ನೆಯನ್ನೂ ತನ್ನ ತಪ್ಪೆಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವಳು. ಟೈಪಿಸ್ಟಮ್ಮ ಒಂದೂ ಪ್ರಶ್ನೆ ಕೇಳದೆ ಲೆಕ್ಕ ಮುಗಿಸಿದ ದಿನ ಇಡೀ ಆಫೀಸಿಗೆ ಚಹಾ ಕೊಡಿಸಿದಳು. "ಪರವಾಗಿಲ್ವೇ, ನಿನ್ನ ತಲೇಲೂ ಏನೋ ಇದೆ," ಎಂದ ಅಣ್ಣ. ಅವನ ಬಾಯಿಂದ ಅಷ್ಟು ಬಂದರೆ ಪದಕ ಬಂದಂತೆಯೇ.

ಆದರೆ ಯಾರಿಗೂ ತೊಂದರೆ ಕೊಡಬಾರದೆಂಬ ಉತ್ಸಾಹದಲ್ಲಿ ಅವಳು ಒಂದು ಎಡವಟ್ಟು ಮಾಡಿದ್ದಳು. ಕೆಲವು ಸಮೀಕರಣಗಳಿಗೆ ಸರಿಯಾದ ಉತ್ತರವೇ ಇರುವುದಿಲ್ಲ. ಇಲ್ಲ ಎಂದು ಹೇಳಿ ಬಂದವರನ್ನು ಬರಿಗೈಯಲ್ಲಿ ಕಳಿಸಲು ಅವಳಿಗೆ ಮನಸ್ಸಾಗಲಿಲ್ಲ. ಹತ್ತಿರದ ಒಂದು ಉತ್ತರ ಹುಡುಕಿ ಕೊಟ್ಟು ಸುಮ್ಮನಿರು ಎಂದು 'ಬಿಡಿಸು'ವಿಗೆ ಕಲಿಸಿಬಿಟ್ಟಳು.

ಅಣ್ಣ ನೀರಿನ ಟ್ಯಾಂಕಿಗೆ ಎತ್ತರದ ಕಬ್ಬಿಣದ ಸ್ಟ್ಯಾಂಡು ವಿನ್ಯಾಸ ಮಾಡುತ್ತಿದ್ದ. ಕೆಳಗೆ ಲಾರಿ ಹೋಗಲೆಂದು, ಚೌಕಟ್ಟು ವಾಲದಂತೆ ಹಿಡಿಯುವ ಒಂದು ಓರೆಪಟ್ಟಿ ತೆಗೆದ. ಬದಲಿಗೆ ಬೇರೆ ಕಡೆ ಹಾಕಬೇಕೆಂದುಕೊಂಡು ಮರೆತ. ಅಂಥ ಚೌಕಟ್ಟು ನಿಲ್ಲುವುದಿಲ್ಲವೆಂಬುದು ಆ ಸಮೀಕರಣಗಳಲ್ಲೇ ಇತ್ತು. 'ಬಿಡಿಸು' ಮಾತ್ರ ಚೊಕ್ಕವಾದ ಅಂಕಿಗಳನ್ನು ಕೊಟ್ಟು ಕೂತಿತು. ಸ್ಟ್ಯಾಂಡು ನಿಲ್ಲಿಸಿದ ದಿನವೇ, ಟ್ಯಾಂಕು ಏರಿಸುವ ಮೊದಲೇ, ಒಂದು ಕಡೆಗೆ ವಾಲಿ ಬಿತ್ತು. ಕೆಲಸದವರು ಊಟಕ್ಕೆ ಹೋಗಿದ್ದರು, ಬದುಕಿಕೊಂಡರು.

"ಪಟ್ಟಿ ಮರೆತದ್ದು ಅವರು. ನಿಮ್ಮ ಪ್ರೋಗ್ರಾಮಿನ ಸುದ್ದಿ ಎತ್ತಬೇಡಿ," ಎಂದರು ಅವಳ ಸಂಸ್ಥೆಯ ನಿರ್ದೇಶಕರು.

ಎತ್ತದೆ ಇರುತ್ತಾಳೆಯೇ? "ಪ್ರೋಗ್ರಾಮಿಗೆ ಗೊತ್ತಿತ್ತು, ಹೇಳಲಿಲ್ಲ. ಹೇಳಬೇಡವೆಂದು ಕಲಿಸಿದವಳು ನಾನು. ತಪ್ಪು ನನ್ನದು," ಎಂದು ವರದಿಯಲ್ಲಿ ಬರೆದು ಸಹಿ ಹಾಕಿದಳು. ಒಂದೇ ವಾರದಲ್ಲಿ ಪ್ರೋಗ್ರಾಮನ್ನೂ ತಿದ್ದಿದಳು. ಈಗ ಅಂಥ ಲೆಕ್ಕ ಬಂದರೆ ಅದು ನಿಂತುಬಿಡುತ್ತಿತ್ತು, ಯಾವ ಸಾಲಿನಲ್ಲಿ ಸಿಕ್ಕಿಕೊಂಡೆನೆಂದು ಹೇಳುತ್ತಿತ್ತು.

ಅಣ್ಣ ಮಾತ್ರ ಅಲ್ಲಿಂದಾಚೆ ಅವಳ ಆಫೀಸಿಗೂ ಬರಲಿಲ್ಲ, ಮನೆಗೂ ಬರಲಿಲ್ಲ. ಅತ್ತಿಗೆ ಬರುವಳು, ಮಕ್ಕಳು ಬರುವರು, ಅವನಿಲ್ಲ. ಲೆಕ್ಕ ಬೇಕಾದರೆ ಬೇರೆಯವರ ಕೈಲಿ ಕಳಿಸುತ್ತಾನಂತೆ, ಯಾವ ಪ್ರೋಗ್ರಾಮಿನಲ್ಲಿ ಮಾಡಿಸುತ್ತಾನೋ ಅವಳು ಕೇಳಲಿಲ್ಲ. ಕೆಲಸ ಹೋಗಿದ್ದರೂ ಅವಳು ಇಷ್ಟು ನೊಂದುಕೊಳ್ಳುತ್ತಿರಲಿಲ್ಲ. ಅಣ್ಣನಿಗೆ ತನ್ನ ಮೇಲಿನ ನಂಬಿಕೆಯೇ ಹೋಯಿತಲ್ಲ ಎಂಬ ಸಂಕಟ ಅವಳನ್ನು ಒಂದು ವರ್ಷ ತಿಂದಿತು.

ಒಂದು ಮಧ್ಯಾಹ್ನ ಮೇಜಿನ ಮೇಲಿನ ಫೋನ್ ಹೊಡೆದುಕೊಂಡಿತು.

"ನಿನ್ನ ಪ್ರೋಗ್ರಾಮು ಬೆಳಗ್ಗೆಯಿಂದ ಹಠ ಹಿಡಿದು ಕೂತಿದೆ ಕಣೇ. ಉತ್ತರ ಇಲ್ಲ, ಹದಿನೇಳನೇ ಸಾಲು ನೋಡು ಅಂತಿದೆ."

ಅಣ್ಣನ ದನಿ. ಅವಳು ರಿಸೀವರನ್ನು ಕಿವಿಗೆ ಒತ್ತಿಕೊಂಡಳು. "ನೋಡಿದ್ಯಾ?"

"ನೋಡಿದೆ. ಒಂದು ಕಾಲನ್ನ ನೆಲಕ್ಕೆ ಸೇರಿಸೋದನ್ನೇ ಮರೆತಿದ್ದೆ."

"ನೀನು ಅದನ್ನ ಮುಟ್ಟೋದೇ ಬಿಟ್ಟಿದ್ದೀಯ ಅನ್ಕೊಂಡಿದ್ದೆ ಅಣ್ಣಾ."

"ಯಾಕೆ ಬಿಡ್ಲಿ? ನೀನು ತಿದ್ದಿದ ದಿನದಿಂದ ಅದರಲ್ಲೇ ಮಾಡಿಸ್ತಿರೋದು." ಅವನು ದನಿ ತಗ್ಗಿಸಿದ. "ಪಟ್ಟಿ ಮರೆತವನು ನಾನು, ತಪ್ಪು ನನ್ನದು ಅಂತ ಬರೆದುಕೊಟ್ಟವಳು ನೀನು. ಯಾವ ಮುಖ ಇಟ್ಕೊಂಡು ನಿನ್ನ ಮುಂದೆ ಬರಲಿ ಹೇಳು."

ಸುತ್ತ ಜನರಿದ್ದಾರೆಂಬುದನ್ನೂ ಮರೆತು ಅವಳು ಮೇಜಿನ ಮೇಲೆ ತಲೆಯಿಟ್ಟು ಅತ್ತಳು. ಆ ಕಡೆ ಅಣ್ಣ ಫೋನ್ ಇಡದೆ ಕಾದ.