ಕತ್ತರಿಯ ತುದಿಯೊಳಗೆ

ಅಂಕಲಗಿಯ ನಮ್ಮ ಮನೆಯಲ್ಲಿ ಕುರಿಯ ಉಣ್ಣೆ ಕತ್ತರಿಸುವ ಕತ್ತರಿಯೊಂದಿದೆ. ಅದರ ಒಂದು ಅಲಗು ಎಷ್ಟು ಕುರಿ ಕಂಡರೂ ಮೊಂಡಾಗದು. ಇನ್ನೊಂದಕ್ಕೆ ದಿನಾ ಸಾಣೆ ಹಿಡಿಯಬೇಕು. ಯಾಕೆ ಹೀಗೆ ಎಂಬುದು ಅಪ್ಪನ ತಲೆ ತಿನ್ನುತ್ತಿದ್ದ ಪ್ರಶ್ನೆ. ಗಟ್ಟಿ ಅಲಗಿನ ತುದಿ ಕಲ್ಲಿಗೆ ಬಡಿದು ಅಕ್ಕಿಕಾಳಿನಷ್ಟು ಚೂರು ಹಾರಿದಾಗ ನಾನು ಅದನ್ನು ಎತ್ತಿಟ್ಟುಕೊಂಡೆ. ಇನ್ನೊಂದರ ಚೂರನ್ನೂ ಕೊಟ್ಟರೆ ನಾನು ಸಂಶೋಧನೆ ಮಾಡುವ ಪ್ರಯೋಗಾಲಯದಲ್ಲಿ ಎರಡನ್ನೂ ಹೋಲಿಸಿ ನೋಡಬಹುದು ಎಂದೆ.

“ಮುರದದ್ದ ಒಯ್ಯಿ. ಚಲೋ ಇದ್ದದ್ದ ಮುಟ್ಟಿದರ ನೋಡ ಮತ್ತ,” ಎಂದ ಅಪ್ಪ.

ಪ್ರಯೋಗಾಲಯದ ಯಂತ್ರ ನನ್ನ ಪಾಲಿಗೆ ಸಿಕ್ಕಿದ್ದು ಒಂದೇ ದಿನ. ಅವತ್ತು ಕೆಟ್ಟರೆ ಮತ್ತೆ ಯಾವಾಗಲೋ. ಆದರೆ ಎಂಥ ಯಂತ್ರ ಅಂತೀರಿ! ಅಯಾನುಗಳ ಕಿರಣ ಉಕ್ಕಿನಲ್ಲಿ ಎರಡು ಗುಂಡಿ ತೋಡುತ್ತದೆ. ನಡುವೆ ಹೊಲದ ಬದುವಿನಂತೆ ತೆಳು ಗೋಡೆ ಉಳಿಯುತ್ತದೆ. ಅದಕ್ಕೆ ಸೂಜಿಯೊಂದನ್ನು ಬೆಸೆದು, ಬುಡ ಕತ್ತರಿಸಿ, ಮೇಲೆತ್ತಿ ತಾಮ್ರದ ಜಾಲರಿಗೆ ಅಂಟಿಸಬೇಕು. ಆಮೇಲೆ ಕೂದಲಿನ ಸಾವಿರದಲ್ಲೊಂದು ಪಾಲಿನಷ್ಟು ತೆಳುವಾಗುವವರೆಗೆ ಕಿರಣದಿಂದಲೇ ಹೆರೆಯಬೇಕು. ಇಷ್ಟೆಲ್ಲ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುತ್ತಲೇ ಮಾಡುವ ಕೆಲಸ.

ಗೋಡೆ ಮೇಲೆದ್ದಿತು, ಜಾಲರಿಗೆ ಅಂಟಿತು. ಖುಷಿಯಲ್ಲಿ ಹಳೆಯ ಕೆಲಸ ನೆನಪಾಯಿತು. ಚಿಕ್ಕವಳಿದ್ದಾಗ ಕುರಿಯ ಕಾಲು ಹಿಡಿಯುವ ಕೆಲಸ ನನ್ನದು; ಉಣ್ಣೆ ಕತ್ತರಿಸಿ ಮುಗಿದೊಡನೆ ಅಪ್ಪ “ಬಿಡ” ಅನ್ನುತ್ತಿದ್ದ, ನಾನು ಕೈ ಬಿಡುತ್ತಿದ್ದೆ. ಅದೇ ಗುಂಗಿನಲ್ಲಿ ಸೂಜಿಗೆ “ಬಿಡ” ಎಂದು ಹೇಳಿ ಹಿಂದಕ್ಕೆ ಎಳೆದೇಬಿಟ್ಟೆ. ಅದು ಬಿಡುವುದುಂಟೇ? ಬೆಸೆದವಳು ನಾನೇ, ಕಿರಣದಿಂದ ಕತ್ತರಿಸಿ ಬಿಡಿಸಬೇಕಾದವಳೂ ನಾನೇ. ಗೋಡೆ ಬಾಗಿ, ಒಂದೇ ಮೂಲೆಯಲ್ಲಿ ಜಾಲರಿಗೆ ಜೋತಾಡಿತು.

ಕಿರಣದಿಂದ ಸೂಜಿಯನ್ನು ಕತ್ತರಿಸಿದೆ. ಮೂಲೆಗೆ ಮತ್ತೆ ಬೆಸುಗೆ ಹಾಕಿದೆ. ನಿಂತಿತು. ಕುರ್ಚಿಯಿಂದೆದ್ದು ಕುಣಿದದ್ದನ್ನು ಯಾರೂ ನೋಡಲಿಲ್ಲ, ನೋಡಿದ್ದರೂ ನಾಚುತ್ತಿರಲಿಲ್ಲ. ಹೆರೆದು ಹಾಳೆಯಂತಾದ ಗೋಡೆಯನ್ನು ಎಲೆಕ್ಟ್ರಾನುಗಳು ತೂರಿಹೋದಾಗ ಮೂಡಿದ ಚಿತ್ರದ ತುಂಬ ಒತ್ತೊತ್ತಾದ ಕಪ್ಪು ಬಿಳಿ ಎಳೆಗಳಿದ್ದವು.

ಗೋಕಾಕದಲ್ಲಿ ಬಸ್ಸು ಬದಲಿಸಿ ನೆಟ್ಟಗೆ ಊರಿಗೆ ಹೋಗಿ ಆ ಚಿತ್ರವಿದ್ದ ಫೋನನ್ನು ಅಪ್ಪನ ಕೈಗೆ ಕೊಟ್ಟೆ. ಅವನು ಅದನ್ನು ಹತ್ತಿರ ಹಿಡಿದು ನೋಡಿದ, ದೂರ ಹಿಡಿದು ನೋಡಿದ.

“ಕಂಬಳಿ ನೇಯ್ದಂಗ ಐತಲ್ಲವಾ. ಖರೇನ ನನ್ನ ಕತ್ತರೀದ ಏನಿದು?”

“ಹೂಂ ಅಪ್ಪಾ.”

“ಇನ್ನೊಂದ ಅಲಗಿನ ಒಳಗ ಹೆಂಗ ಐತಿ?”

“ನೀ ಎಲ್ಲಿ ಮುಟ್ಟಾಕ ಬಿಟ್ಟಿ?”

ಅಪ್ಪ ಎದ್ದು ಒಳಗೆ ಹೋದ. ಕತ್ತರಿಯ ಜೊತೆಗೆ ಸುತ್ತಿಗೆಯನ್ನೂ ತಂದು ನನ್ನ ಮುಂದೆ ಕೂತ.

“ಎಷ್ಟ ಬೇಕ ಹೇಳ, ಮುರೀತೇನಿ.”